ಮರದ ನೆಲ ಯಾಕೆ ಕಿರ್ ಅನ್ನುತ್ತದೆ?

ಅಮೆರಿಕ, ಕೆನಡಾಗಳಲ್ಲಿ ಮರದ ಚೌಕಟ್ಟಿನ ಮನೆಗಳೇ ಜಾಸ್ತಿ. ಅಲ್ಲಿ ಮನೆ ಕೊಂಡ ನಮ್ಮವರು ಹಳೇ ಕಾರ್ಪೆಟ್ ಕಿತ್ತರೆ ಎಷ್ಟೋ ಸಲ ಕಾಣುವುದು ಪ್ಲೈವುಡ್. ಅದೇ ಸಬ್‌ಫ್ಲೋರ್, ಅಂದರೆ ಮೇಲಿನ ನೆಲಹಾಸಿಗೆ ಆಧಾರವಾದ ಅಡಿನೆಲ. ಅದರ ಕೆಳಗೆ ಸಾಮಾನ್ಯವಾಗಿ 16 ಇಂಚಿಗೊಂದರಂತೆ ಜಾಯಿಸ್ಟ್‌ಗಳು, ಅಂದರೆ ತೊಲೆಗಳು ಇರುತ್ತವೆ. ನಡೆದಾಗ ಕಿರ್ ಅಂದರೆ ಮರ ಹಾಳಾಗಿದೆ ಅಂತ ಗಾಬರಿ ಬೀಳುತ್ತಾರೆ. ಮೊದಲು ನೋಡಬೇಕಾದ್ದು ಪ್ಲೈವುಡ್ ಹಾಳೆಯನ್ನು ತೊಲೆಗೆ ಹಿಡಿದಿಟ್ಟಿರುವ ಮೊಳೆಯನ್ನು.

ಮರ ತೇವ ಹೀರಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಹಸಿ ಮರ ಪೂರ್ತಿ ಒಣಗಿದರೂ ಅದರ ನಾರಿನ ಎಳೆಯ ಉದ್ದಕ್ಕೆ ಕುಗ್ಗುವುದು 0.1–0.2% ಅಷ್ಟೇ, ಎಳೆಗೆ ಅಡ್ಡಲಾಗಿ 7–8% ವರೆಗೂ ಕುಗ್ಗಬಹುದು. ಪ್ಲೈವುಡ್‌ನ ಪದರಗಳನ್ನು ಒಂದಕ್ಕೊಂದು ಅಡ್ಡವಾಗಿ ಅಂಟಿಸಿರುವುದರಿಂದ ಒಂದು ಪದರ ಹಿಗ್ಗಲು ಹೊರಟರೆ ಪಕ್ಕದ್ದು ಬಿಡುವುದಿಲ್ಲ. ತೊಲೆಗೆ ಆ ಕಟ್ಟು ಇಲ್ಲ. ಚಳಿಗಾಲದಲ್ಲಿ ಹೀಟರ್ ಓಡಿ ಗಾಳಿ ಒಣಗಿದಾಗ ತೊಲೆಯ ಎತ್ತರ ಸ್ವಲ್ಪ ಇಳಿಯುತ್ತದೆ, ಮೊಳೆಯ ತುದಿ ಮಾತ್ರ ಆಳದಲ್ಲಿ ಕಚ್ಚಿಕೊಂಡೇ ಇರುತ್ತದೆ, ಹಾಗಾಗಿ ತೊಲೆಗೂ ಹಾಳೆಗೂ ನಡುವೆ ಕೂದಲೆಳೆಯಷ್ಟು ಸಂದು ಬೀಳುತ್ತದೆ. ಕಾಲಿಟ್ಟಾಗ ಹಾಳೆ ಕೆಳಗಿಳಿದು ಮೊಳೆಯ ಮೈಗೆ ಉಜ್ಜುತ್ತದೆ. ಅಂಟಿ, ಜಾರಿ, ಮತ್ತೆ ಅಂಟಿ, ಬಲು ಬೇಗ; ಅದೇ ಆ ಕಿರ್ ಸದ್ದು. ಪಿಟೀಲಿನ ತಂತಿಯನ್ನು ಕಮಾನು ನುಡಿಸುವುದೂ ಹೀಗೇ.

ಹಾಗಾಗಿ ಹಾಳೆ ಅಲುಗಲೇಬಾರದು. ತೊಲೆಯ ಮೇಲೆ ಸಬ್‌ಫ್ಲೋರ್ ಅಂಟನ್ನು ಗೆರೆಯಂತೆ ಎಳೆದು, ಅದು ಒಣಗುವ ಮುಂಚೆಯೇ ಹಾಳೆ ಕೂರಿಸಿ ಸ್ಕ್ರೂ ಬಿಗಿಯಬೇಕು. ಅಂಚಿನಲ್ಲಿ 6 ಇಂಚಿಗೊಂದು, ನಡುವೆ 12 ಇಂಚಿಗೊಂದು ಅನ್ನುವುದು ರೂಢಿ. ಹಾಳೆಗಳ ನಡುವೆ ಹಿಗ್ಗಲು 1/8 ಇಂಚು ಜಾಗ ಬಿಡಿ.

ಸ್ಕ್ರೂ ಆರಿಸುವಾಗ ದಯವಿಟ್ಟು ಜಿಪುಣತನ ಬೇಡ. ಜಿಪ್ಸಮ್ ಗೋಡೆ ಹಲಗೆಗೆ ಹಾಕುವ ಡ್ರೈವಾಲ್ ಸ್ಕ್ರೂ ಅಗ್ಗ, ಕೈಗೆ ಸಿಗುತ್ತದೆ ಅಂತ ಅದನ್ನೇ ಹಾಕುತ್ತಾರೆ. ಅದು ಗಡಸು, ಆದರೆ ಪೆಡಸು ಕೂಡ; ನೆಲ ಅಲುಗಾಡಿದರೆ ಪಟ್ಟನೆ ಮುರಿಯಬಹುದು. ತಲೆಯ ಕೆಳಗೆ ಥ್ರೆಡ್, ಅಂದರೆ ಸುರುಳಿ ಗೀರು, ಇಲ್ಲದ ಭಾಗವಿರುವ ಮರದ ಸ್ಕ್ರೂ ತೆಗೆದುಕೊಳ್ಳಿ. ತಲೆಯವರೆಗೂ ಥ್ರೆಡ್ ಇದ್ದರೆ ಅದು ಹಾಳೆಯನ್ನೂ ತೊಲೆಯನ್ನೂ ಒಟ್ಟಿಗೆ ಕಚ್ಚಿ, ಮಧ್ಯದ ಸಂದನ್ನು ಹಾಗೇ ಉಳಿಸಿಬಿಡುತ್ತದೆ. ನುಣುಪು ಭಾಗ ಹಾಳೆಯೊಳಗೆ ಸುಮ್ನೆ ಜಾರುವುದರಿಂದ ತಲೆ ಹಾಳೆಯನ್ನು ತೊಲೆಗೆ ಒತ್ತಿ ಕೂರಿಸುತ್ತದೆ.

ತೊಲೆಯ ದಪ್ಪ ಸಾಮಾನ್ಯವಾಗಿ ಒಂದೂವರೆ ಇಂಚು ಮಾತ್ರ, ಆದ್ದರಿಂದ ಮೊದಲೇ ದಾರ ಹಿಡಿದು ಗೆರೆ ಹೊಡೆದುಕೊಳ್ಳಿ. ಗುರಿ ತಪ್ಪಿದ ಸ್ಕ್ರೂ ಕೊನೆಯಲ್ಲಿ ಬಿಗಿಯೇ ಇಲ್ಲದೆ ಇಳಿದುಬಿಡುತ್ತದೆ, ಕೈಗೆ ಗೊತ್ತಾಗುತ್ತದೆ. ಅದನ್ನು ಅಲ್ಲೇ ಬಿಡಬೇಡಿ, ಬಿಚ್ಚಿ ಪಕ್ಕದಲ್ಲಿ ತೊಲೆಗೆ ಸಿಗುವಂತೆ ಮತ್ತೆ ಹಾಕಿ. ಬಿಟ್ಟರೆ ಅದು ತೊಲೆಯ ಬದಿಗೆ ಉಜ್ಜುತ್ತಾ ಹೊಸ ನೆಲದಲ್ಲೂ ಅದೇ ಸದ್ದು ಮಾಡುತ್ತದೆ.