ಹದಿನೇಳಕ್ಕಿಲ್ಲ, ತೊಂಬತ್ತಕ್ಕುಂಟು: ಮತಕ್ಕೆ ವಯಸ್ಸೇ ಯಾಕೆ ಅಳತೆ?

ಪ್ರಶ್ನೆ: "ನನ್ನ ಮಗಗ 17 ವರ್ಷ. ಪಿಯುಸಿಯೊಳಗ ರಾಜ್ಯಶಾಸ್ತ್ರಕ್ಕ ನೂರಕ್ಕ ತೊಂಬತ್ತಾರು ತಗೊಂಡಾನ. ಅವಗ ವೋಟಿಲ್ಲ. ನಮ್ಮ ಓಣ್ಯಾಗಿನ ಆಯಿಗೆ ತೊಂಬತ್ತು ದಾಟೇತಿ, ಚಿಹ್ನಿ ಯಾವುದಂತ ಮೊಮ್ಮಗ ತೋರಸಬೇಕು. ಆಕಿಗೆ ವೋಟೈತಿ. ವಯಸ್ಸು ನೋಡಿ ಹಕ್ಕು ಕೊಡೂದು ನ್ಯಾಯ ಏನ್ರೀ?" (ಜಮಖಂಡಿಯಿಂದ ಒಬ್ಬ ಓದುಗರು)

ಈ ಪ್ರಶ್ನೆಗೆ ಉತ್ತರ ಬರೆದು ಬರೆದು ಕೈ ಸೋತಿದೆ. ಊರು ಬದಲಾಗುತ್ತದೆ: ಒಮ್ಮೆ ಗೋಕಾಕ, ಒಮ್ಮೆ ಇಂಡಿ, ಒಮ್ಮೆ ಬಾದಾಮಿ. ಮಗನ ಅಂಕ ಬದಲಾಗುತ್ತದೆ. ಓಣಿಯ ಆಯಿ ಮಾತ್ರ ಬದಲಾಗುವುದಿಲ್ಲ, ಪಾಪ, ಪ್ರತಿ ಪ್ರಶ್ನೆಯಲ್ಲೂ ಅವಳೇ ಕಟಕಟೆಯಲ್ಲಿ ನಿಲ್ಲುತ್ತಾಳೆ.

ಚಿಕ್ಕ ಉತ್ತರ ಇಷ್ಟು: ನ್ಯಾಯವೇ. ಆದರೆ ನೀವು ಅಂದುಕೊಂಡ ಕಾರಣಕ್ಕಲ್ಲ.

ನಿಮ್ಮ ಪ್ರಶ್ನೆಯ ಬುಡದಲ್ಲಿ ಒಂದು ನಂಬಿಕೆ ಕೂತಿದೆ. ಹದಿನೆಂಟು ಅಂದರೆ ಬುದ್ಧಿ ಬಲಿಯುವ ವಯಸ್ಸು, ಸರಕಾರ ಅದನ್ನು ಅಳೆದು ನೋಡಿಯೇ ಮತ ಕೊಟ್ಟಿದೆ ಎಂಬ ನಂಬಿಕೆ. ಅದನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ತಾನೇ ಬರುತ್ತದೆ. ಬುದ್ಧಿಗೆ ಮತ ಅಂತಾದರೆ ಜಾಣ ಹುಡುಗನಿಗೆ ಮೊದಲೇ ಕೊಡಬೇಕು, ಅಕ್ಷರ ಬಾರದವರಿಗೆ ಕೊಡಬಾರದು, ನೆನಪು ಮಾಸಿದವರಿಂದ ಕಿತ್ತುಕೊಳ್ಳಬೇಕು. ಚಹಾದಂಗಡಿಯಿಂದ ಹಿಡಿದು ಮದುವೆ ಮನೆಯ ಪಂಕ್ತಿಯವರೆಗೆ ಈ ವಾದ ಕೇಳಿಬರುತ್ತದೆ. ಬುಡವೇ ಸುಳ್ಳು.

ಸಂವಿಧಾನದ 326ನೇ ವಿಧಿ ತೆಗೆದು ಓದಿ. ಲೋಕಸಭೆ, ವಿಧಾನಸಭೆಗಳ ಚುನಾವಣೆ ವಯಸ್ಕ ಮತಾಧಿಕಾರದ ಮೇಲೆ ನಡೆಯಬೇಕು ಎನ್ನುತ್ತದೆ. ಭಾರತದ ಪೌರರಾಗಿರಬೇಕು, ಗೊತ್ತುಪಡಿಸಿದ ದಿನಕ್ಕೆ 18 ತುಂಬಿರಬೇಕು. ಆ ಕ್ಷೇತ್ರದಲ್ಲಿ ವಾಸವಿಲ್ಲದಿರುವುದು, ಚಿತ್ತಸ್ವಾಸ್ಥ್ಯ ಇಲ್ಲದಿರುವುದು, ಅಪರಾಧ, ಚುನಾವಣಾ ಭ್ರಷ್ಟಾಚಾರ, ಇಷ್ಟೇ ಕಾರಣಗಳ ಮೇಲೆ ಕಾನೂನು ಒಬ್ಬರನ್ನು ಹೊರಗಿಡಬಹುದು. ಚಿತ್ತಸ್ವಾಸ್ಥ್ಯದ ವಿಷಯವೂ ಓಣಿಯವರು ತೀರ್ಮಾನಿಸುವುದಲ್ಲ, ಸಕ್ಷಮ ನ್ಯಾಯಾಲಯ ಹಾಗೆ ಘೋಷಿಸಿರಬೇಕು. ಓದು, ಅಂಕ, ತಿಳಿವಳಿಕೆ, ಯಾವುದೂ ಆ ವಿಧಿಯಲ್ಲಿಲ್ಲ.

ಹದಿನೆಂಟು ಎಂಬ ಅಂಕಿ ಕೂಡ ಮೊದಲಿನಿಂದ ಇದ್ದದ್ದಲ್ಲ. 1950ರ ಸಂವಿಧಾನದಲ್ಲಿ ಇದ್ದದ್ದು 21. 61ನೇ ತಿದ್ದುಪಡಿ 1989ರ ಮಾರ್ಚ್ 28ರಂದು ಜಾರಿಗೆ ಬಂದು ಅದು 18 ಆಯಿತು, ಅದೇ ವರ್ಷದ ನವೆಂಬರಿನ ಚುನಾವಣೆಯಲ್ಲಿ 18ರವರು ಮತ ಹಾಕಿದರು. ಈಗ ಹೇಳಿ, ಮಾರ್ಚ್ 27ರ ರಾತ್ರಿ ಹುನಗುಂದದ ಹತ್ತೊಂಬತ್ತರ ಹುಡುಗ ತಿಳಿಗೇಡಿಯಾಗಿ ಮಲಗಿ, ಬೆಳಗಾದಾಗ ಪ್ರಬುದ್ಧನಾಗಿ ಎದ್ದನೇ? ಆ ತಿದ್ದುಪಡಿಯ ಉದ್ದೇಶಗಳ ಹೇಳಿಕೆಯಲ್ಲಿ "ಇಂದಿನ ಯುವಕರು ಸಾಕ್ಷರರು, ತಿಳಿವಳಿಕೆ ಉಳ್ಳವರು" ಎಂಬರ್ಥದ ಮಾತು ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬೇರೆ ಬಹಳ ದೇಶಗಳಲ್ಲಿ 18 ಇದೆ, ಕೆಲವು ರಾಜ್ಯಗಳು ಸ್ಥಳೀಯ ಸಂಸ್ಥೆಗಳಿಗೆ ಆಗಲೇ 18 ಮಾಡಿವೆ ಎಂಬ ಕಾರಣಗಳೂ ಅದರ ಜತೆಗಿವೆ. ಸಾಕ್ಷರತೆ ಅಲ್ಲಿ ಹೊಗಳಿಕೆಯಾಗಿ ಬಂತು, ಷರತ್ತಾಗಿ ಬರಲಿಲ್ಲ. ಸಾಲಿ ಮೆಟ್ಟಿಲು ಹತ್ತದ 18ರ ಹುಡುಗಿಗೂ ಅಂದೇ ಮತ ಬಂತು.

ಇನ್ನೂ ನಂಬಿಕೆ ಇಲ್ಲವೇ? ಉಳಿದ ಕಾನೂನುಗಳನ್ನು ಸಾಲಾಗಿ ಇಟ್ಟು ನೋಡಿ. ಗೇರಿಲ್ಲದ 50 ಸಿಸಿ ಒಳಗಿನ ಗಾಡಿಗೆ 16. ಅಗ್ನಿವೀರನಾಗಿ ಸೈನ್ಯ ಸೇರಲು 17 ವರ್ಷ 6 ತಿಂಗಳು. ಕರಾರುಪತ್ರಕ್ಕೆ ಸಹಿ ಹಾಕಲು 18. ಕಬ್ಬಿನ ಲಾರಿ ಓಡಿಸುವ ಲೈಸೆನ್ಸಿಗೆ 20. ಗಂಡಿಗೆ ಮದುವೆಯಾಗಲು 21, ಗ್ರಾಮ ಪಂಚಾಯ್ತಿಗೆ ನಿಲ್ಲಲೂ 21. ಶಾಸಕನಾಗಲು 25, ವಿಧಾನ ಪರಿಷತ್ತಿಗೆ 30, ರಾಷ್ಟ್ರಪತಿಗೆ 35. ತಲೆ ಒಂದೇ, ಅದರ ಮೇಲೆ ಗೆರೆ ಇಷ್ಟು. ಬುದ್ಧಿ ಬಲಿಯುವ ವಯಸ್ಸು ಒಂದಿದ್ದು ಅದು ಕಾನೂನಿಗೆ ಗೊತ್ತಿದ್ದರೆ ಒಂದೇ ಗೆರೆ ಸಾಕಿತ್ತು. ಆಯಾ ಕೆಲಸಕ್ಕೆ ಎಲ್ಲೋ ಒಂದು ಕಡೆ ಬದು ಹಾಕಬೇಕು, ಹಾಕಿದ್ದಾರೆ. ಹೊಲದ ಬದುವಿನ ಈಚೆ ಕರಿಮಣ್ಣು, ಆಚೆ ಮಸಾರಿ ಅಂತ ಬೇರೆ ಬೇರೆ ಇರುವುದಿಲ್ಲವಲ್ಲ. ಎರಡೂ ಕಡೆ ಮಣ್ಣು ಒಂದೇ.

ಹಾಗಾದರೆ ವಯಸ್ಸೇ ಯಾಕೆ? ಕಾಯುತ್ತ ಕೂತರೆ ಎಲ್ಲರೂ ದಾಟುವ ಬಾಗಿಲು ಅದೊಂದೇ. ಜಾತಿ ಕೇಳುವುದಿಲ್ಲ, ಹೊಲ ಎಷ್ಟೆಂದು ಕೇಳುವುದಿಲ್ಲ, ಬಾಗಿಲಲ್ಲಿ ಕೂತವನ ಮರ್ಜಿ ಹಿಡಿಯಬೇಕಾಗಿಲ್ಲ. ನಿಮ್ಮ ಮಗನಿಗೆ ಇಂದು ಇಲ್ಲದ ಮತ ಬರುವ ವರ್ಷ ಬಂದೇ ಬರುತ್ತದೆ. ಅವನನ್ನು ಹೊರಗಿಟ್ಟಿಲ್ಲ, ಸರದಿಯಲ್ಲಿ ನಿಲ್ಲಿಸಿದೆ.

ವಯಸ್ಸಿನ ಬದಲು ಪರೀಕ್ಷೆ ಇಡಿ ಎನ್ನುವವರು ಆ ಪರೀಕ್ಷೆಯನ್ನು ಒಮ್ಮೆ ಬರೆದು ತೋರಿಸಲಿ. ಪ್ರಶ್ನೆಪತ್ರಿಕೆ ತಯಾರಿಸುವವರು ಯಾರು? ಮೌಲ್ಯಮಾಪನ ಯಾರದು? ಯಾವ ಭಾಷೆಯಲ್ಲಿ? ಬೆಳಗಾವಿಯಲ್ಲಿ ನಿಂತು ಈ ಮೂರನೆಯ ಪ್ರಶ್ನೆ ಕೇಳಿದರೆ ಮುಂದೆ ಏನಾಗುತ್ತದೆ ಎಂದು ನಾನು ವಿವರಿಸಬೇಕಿಲ್ಲ. ಇದು ಬರೀ ಊಹೆಯಲ್ಲ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಮತದಾರರಿಗೆ ಅಕ್ಷರಪರೀಕ್ಷೆ ಇತ್ತು, ಕಪ್ಪು ಜನರನ್ನು ಮತಗಟ್ಟೆಯಿಂದ ದೂರ ಇಡಲು ಅದನ್ನೇ ಬಳಸಿದರು. 1965ರ ಮತದಾನ ಹಕ್ಕು ಕಾಯ್ದೆ ಬಂದಮೇಲೆ ಅದು ಮೂಲೆ ಸೇರಿತು. ನಮ್ಮಲ್ಲೂ ಬ್ರಿಟಿಷರ ಕಾಲದಲ್ಲಿ ಮತಕ್ಕೆ ಆಸ್ತಿ, ತೆರಿಗೆ, ಓದು ನೋಡುತ್ತಿದ್ದರು. 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ನೂರಕ್ಕೆ 18.33. ಹೆಂಗಸರದು 9ಕ್ಕಿಂತ ಕಡಿಮೆ. ಆಗ ಮುಂಬಯಿ ರಾಜ್ಯದಲ್ಲಿದ್ದ ನಮ್ಮ ಬೆಳಗಾವಿ, ವಿಜಾಪುರ ಜಿಲ್ಲೆಗಳ ಜನ 1951–52ರಲ್ಲಿ ಮೊದಲ ಸಲ ಸಾಲು ಹಚ್ಚಿ ನಿಂತಾಗ ಓದಿದವರಿಗೆ ಮಾತ್ರ ಮತ ಎಂದಿದ್ದರೆ, ನೂರು ಹೆಂಗಸರಲ್ಲಿ ತೊಂಬತ್ತು ಜನ ಮನೆಗೆ ವಾಪಸ್ ಬರಬೇಕಿತ್ತು. ನೀವು ಹೇಳುವ ಆಯಿಯ ಅವ್ವ ಆ ಸಾಲಿನಲ್ಲಿದ್ದವಳು.

16 ಮಾಡಬಾರದೇ ಎಂದು ಕೇಳಿದರೆ ಅದು ಬೇರೆ ಪ್ರಶ್ನೆ, ಒಳ್ಳೆಯ ಪ್ರಶ್ನೆ. ಆಸ್ಟ್ರಿಯಾ 2007ರಲ್ಲಿ 16 ಮಾಡಿತು. ಬ್ರೆಜಿಲ್‌ನಲ್ಲಿ 16–17ರವರಿಗೆ ಮತ ಐಚ್ಛಿಕ, 18ರಿಂದ 70ರವರೆಗೆ ಕಡ್ಡಾಯ, ಎಪ್ಪತ್ತು ದಾಟಿದರೆ ಮತ್ತೆ ಐಚ್ಛಿಕ. ನಮ್ಮಲ್ಲಿ ಬೇಕಾದರೆ 326ನೇ ವಿಧಿಗೇ ಮತ್ತೆ ತಿದ್ದುಪಡಿ ತರಬೇಕು. ಗೆರೆಯನ್ನು ಎರಡು ವರ್ಷ ಈಚೆಗೆ ಸರಿಸಿ ಎನ್ನುವುದಕ್ಕೆ ನನ್ನ ತಕರಾರಿಲ್ಲ, ಗೆರೆ ತೆಗೆದು ಪರೀಕ್ಷೆ ಇಡಿ ಎನ್ನುವುದಕ್ಕೆ ಇದೆ. ಮುದುಕರಿಗೆ ಮೇಲ್ಮಿತಿ ಎನ್ನುವವರಿಗೆ ತೋರಿಸಲು ಹೆಸರಾಂತ ಉದಾಹರಣೆ ಒಂದೇ: ಪೋಪರನ್ನು ಆರಿಸುವಾಗ 80 ದಾಟಿದ ಕಾರ್ಡಿನಲ್‌ಗಳಿಗೆ ಮತವಿಲ್ಲ. ಜಮಖಂಡಿಯ ಆಯಿ ಪೋಪರನ್ನು ಆರಿಸಲು ಹೊರಟಿಲ್ಲ.

ಈಗ ಮಗನ ಕೆಲಸ. ಹುಟ್ಟುಹಬ್ಬದ ಮರುದಿನವೇ ಮತಗಟ್ಟೆಗೆ ಹೋಗಬಹುದು ಎಂದುಕೊಂಡವರು ಬಹಳ. ಲೆಕ್ಕ ಅರ್ಹತಾ ದಿನಾಂಕದ ಮೇಲೆ, ಅಂದರೆ 18 ತುಂಬಿರಬೇಕೆಂದು ಗೊತ್ತುಪಡಿಸಿದ ದಿನದ ಮೇಲೆ. ಮೊದಲು ವರ್ಷಕ್ಕೆ ಒಂದೇ ಇತ್ತು, ಜನವರಿ 1. ಜನವರಿ 2ಕ್ಕೆ ಹುಟ್ಟಿದವರು ಇಡೀ ವರ್ಷ ಕಾಯಬೇಕಿತ್ತು. 2022ರ ಆಗಸ್ಟ್ 1ರಿಂದ ನಾಲ್ಕಾಗಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. 2008ರ ಏಪ್ರಿಲ್ 1ಕ್ಕೆ ಹುಟ್ಟಿದವನು 2026ರ ಏಪ್ರಿಲ್ ಪಟ್ಟಿಗೆ ಬರುತ್ತಾನೆ, ಏಪ್ರಿಲ್ 2ರವನು ಜುಲೈಗೆ.

ನಮ್ಮ ಕಡೆಯ ದೊಡ್ಡ ತೊಡಕು ಜೂನ್ 1. ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರು ಕೇಳಿದರು, ಮನೆಯವರಿಗೆ ತಾರೀಕು ನೆನಪಿಲ್ಲ, ಜೂನ್ 1 ಎಂದು ಬಿತ್ತು. ಫೆಬ್ರವರಿಯಲ್ಲಿ ಹುಟ್ಟಿದವನು ಕಾಗದದ ಮೇಲೆ ನಾಲ್ಕು ತಿಂಗಳು ಸಣ್ಣವನಾದ, ಏಪ್ರಿಲ್ ತಪ್ಪಿ ಜುಲೈಗೆ ಬಿದ್ದ. ಮೇ ತಿಂಗಳಲ್ಲಿ ಚುನಾವಣೆ ಬಂದರೆ ಮತ ಹೋಯಿತು. ಆಧಾರಿನಲ್ಲಿ ಜನವರಿ 1 ಇದ್ದು ಹತ್ತನೆಯ ಅಂಕಪಟ್ಟಿಯಲ್ಲಿ ಜೂನ್ 1 ಇದ್ದರೆ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ತಿದ್ದುವುದಿದ್ದರೆ ಮೊದಲು ತಿದ್ದಿಸಿ.

17 ತುಂಬಿದ್ದರೆ ಪಟ್ಟಿಗೆ ಹೊಸದಾಗಿ ಹೆಸರು ಸೇರಿಸುವ ಅರ್ಜಿ, ನಮೂನೆ 6ನ್ನು ಮುಂಗಡವಾಗಿಯೇ ಕೊಡಬಹುದು, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೈಗೆ ಅಥವಾ ಚುನಾವಣಾ ಆಯೋಗದ ಆ್ಯಪಿನಲ್ಲಿ. ಫೋಟೊ, ವಯಸ್ಸಿನ ದಾಖಲೆ, ವಿಳಾಸದ ದಾಖಲೆ ಬೇಕು. ಮನೆಯ ಒಬ್ಬರ ಎಪಿಕ್ (ಮತದಾರರ ಗುರುತಿನ ಚೀಟಿ) ಸಂಖ್ಯೆ ಬರೆಯುವುದನ್ನು ಮರೆಯಬೇಡಿ, ಮರೆತರೆ ಅಪ್ಪ ಒಂದು ಮತಗಟ್ಟೆ, ಮಗ ಇನ್ನೊಂದು ಮತಗಟ್ಟೆ ಆಗುವುದುಂಟು. ಅರ್ಜಿಗೆ ಏಳು ದಿನ ಆಕ್ಷೇಪಣೆಯ ಅವಧಿ, ಆಮೇಲೆ ಪರಿಶೀಲನೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದರೆ ಪಟ್ಟಿಗೆ ಒಂದು ಹೆಸರೂ ಸೇರುವುದಿಲ್ಲ. ಆದ್ದರಿಂದ ಅದಕ್ಕೂ ಹತ್ತು ದಿನ ಮೊದಲೇ ಅರ್ಜಿ ಒಳಗಿರಬೇಕು. ಮುದ್ದೇಬಿಹಾಳದಿಂದ ಅಥಣಿಗೆ ಮದುವೆಯಾಗಿ ಬಂದ ಹುಡುಗಿಗೆ ಮತ್ತೆ ನಮೂನೆ 6 ತುಂಬಿಸಬೇಡಿ, ಹೆಸರು ಎರಡು ಕಡೆ ಆಗುತ್ತದೆ. ಅವಳಿಗೆ ಬೇಕಾದದ್ದು ವಿಳಾಸ ಬದಲಿಸುವ ನಮೂನೆ 8. ಅರ್ಜಿಯಲ್ಲಿ ಬೇಕೆಂದೇ ಸುಳ್ಳು ಬರೆದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಹುಡುಗ ತೀರ ಸಣ್ಣವನಂತೆ ಕಂಡರೆ ಮತಗಟ್ಟೆಯಲ್ಲಿ ಏಜೆಂಟರು ಗದ್ದಲ ಹಾಕುತ್ತಾರೆ. ಹೆಸರು ಪಟ್ಟಿಯಲ್ಲಿದ್ದು ಗುರುತು ಸರಿಯಿದ್ದರೆ ಪ್ರಿಸೈಡಿಂಗ್ ಅಧಿಕಾರಿ ಮುಖ ನೋಡಿ ಅವನನ್ನು ಹೊರಗೆ ಕಳಿಸುವಂತಿಲ್ಲ. ವಯಸ್ಸಿನ ಬಗ್ಗೆ ಘೋಷಣೆ ಬರೆಸಿಕೊಂಡು, ಸುಳ್ಳಿಗೆ ಶಿಕ್ಷೆ ಇದೆ ಎಂದು ತಿಳಿಸಿ, ಮತಕ್ಕೆ ಬಿಡುತ್ತಾರೆ.

ಆಯಿಯ ಕಡೆಗೆ ಬರೋಣ. ಚಿಹ್ನೆ ಕಾಣದಿದ್ದರೆ, ಗುಂಡಿ ಒತ್ತಲು ಕೈ ಆಗದಿದ್ದರೆ ಒಬ್ಬ ಜತೆಗಾರನನ್ನು ಒಳಗೆ ಕರೆದೊಯ್ಯಬಹುದು. ಆ ಜತೆಗಾರನಿಗೂ 18 ಆಗಿರಬೇಕು! ಒಂಬತ್ತನೆಯ ಇಯತ್ತೆಯ ಮೊಮ್ಮಗನನ್ನು ಕರೆತಂದು ಬಾಗಿಲಲ್ಲಿ ವಾದಿಸಬೇಡಿ. ಒಬ್ಬ ಜತೆಗಾರ ಆ ದಿನ ಒಬ್ಬರಿಗೆ ಮಾತ್ರ, ಅವನೂ ಘೋಷಣೆ ಬರೆದುಕೊಡಬೇಕು. ಓದು ಬರುವುದಿಲ್ಲ ಎಂಬುದು ಜತೆಗಾರ ಬೇಕೆನ್ನಲು ಕಾರಣವಾಗುವುದಿಲ್ಲ. 85 ದಾಟಿದವರು ಮನೆಯಿಂದಲೇ ಮತ ಹಾಕಬಹುದು. 2024ರ ಮಾರ್ಚಿಗೆ ಮೊದಲು ಅದು 80 ಇತ್ತು. ಚುನಾವಣಾ ಅಧಿಸೂಚನೆಯಾದ ಐದು ದಿನದೊಳಗೆ ಅದಕ್ಕೆ ಅರ್ಜಿ, ನಮೂನೆ 12ಡಿ, ಕೊಡಬೇಕು. ಒಮ್ಮೆ ಒಪ್ಪಿಗೆಯಾದರೆ ಮತಗಟ್ಟೆಯಲ್ಲಿ ಮತವಿಲ್ಲ. ತಂಡ ಬಂದಾಗ ಆಯಿ ಮಗಳ ಊರಿಗೆ ಹೋಗಿದ್ದರೆ ಇನ್ನೊಮ್ಮೆ ಬರುತ್ತಾರೆ, ಮೂರನೆಯ ಸಲ ಬರುವುದಿಲ್ಲ.

ಇಷ್ಟು ಬರೆದ ಮೇಲೆ, ಯಾರೂ ಕೇಳದಿದ್ದರೂ ಒಂದು ಮಾತು. ಓದಿದವರಿಗಷ್ಟೇ ಮತ ಇರುವ ಕ್ಷೇತ್ರ ನಮ್ಮಲ್ಲೇ ಇದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಸೇರಿ ವಿಧಾನ ಪರಿಷತ್ತಿನ ವಾಯವ್ಯ ಪದವೀಧರ ಕ್ಷೇತ್ರ. ಕೊನೆಯ ಚುನಾವಣೆ ನಡೆದದ್ದು 2022ರ ಜೂನ್ 13ರಂದು. ಅಲ್ಲಿ ಪದವಿ ಮುಗಿಸಿ, ಗೊತ್ತುಪಡಿಸಿದ ನವೆಂಬರ್ 1ಕ್ಕೆ ಮೂರು ವರ್ಷ ಆಗಿರಬೇಕು. ಪಟ್ಟಿಯನ್ನು ಪ್ರತಿ ಸಲ ಹೊಸದಾಗಿ ಮಾಡುತ್ತಾರೆ, ಕಳೆದ ಸಲ ಇದ್ದೆ ಎಂದರೆ ನಡೆಯದು, ನಮೂನೆ 18 ಮತ್ತೆ ತುಂಬಬೇಕು. ಯಂತ್ರವಿಲ್ಲ, ಕಾಗದದ ಮತಪತ್ರ, ಚಿಹ್ನೆಯೂ ಇಲ್ಲ. ಕೊಟ್ಟ ನೇರಳೆ ಸ್ಕೆಚ್ ಪೆನ್ನಿನಿಂದಲೇ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ಕನ್ನಡ ಅಂಕಿಯಲ್ಲಿ ಬರೆದರೂ ಸರಿ. ಆದರೆ "ಒಂದು" ಎಂದು ಅಕ್ಷರದಲ್ಲಿ ಬರೆದರೆ ಅಸಿಂಧು. ರೈಟ್ ಮಾರ್ಕ್ ಹಾಕಿದರೆ ಅಸಿಂಧು. 1 ಬಿಟ್ಟು 2ರಿಂದ ಶುರು ಮಾಡಿದರೆ, ಇಬ್ಬರ ಮುಂದೆ 1 ಬರೆದರೆ, ಜೇಬಿನ ಪೆನ್ನು ತೆಗೆದು ಬರೆದರೆ ಅಸಿಂಧು. ಎಲ್ಲ ಸರಿಯಾಗಿ ಬರೆದು, ಬ್ಯಾಂಕಿನ ಚೆಕ್ ಎಂಬಂತೆ ಕೆಳಗೆ ಚೆಂದದ ಸಹಿ ಮಾಡಿ ಮಡಚಿ ಹಾಕುವ ಪದವೀಧರರೂ ಇದ್ದಾರೆ. ಅದೂ ಅಸಿಂಧು.