ಮೂಗು ಸೋರುತ್ತಿದೆ ಅಂತ ಮಗುವನ್ನು ವಾಪಸ್ ಕಳಿಸಬೇಡಿ

ಗುರುವಾರ ಲಸಿಕೆಯ ದಿನ. ಸಂಜೆ ನನ್ನ ಕ್ಲಿನಿಕ್ಕಿಗೆ ಯಾರಾದರೂ ಒಬ್ಬ ತಾಯಿ ಬಂದು ಇದೇ ಮಾತು ಹೇಳುತ್ತಾರೆ. "ಇಂಜೆಕ್ಷನ್‌ಗೆ ಹೋಗಿದ್ದೆ ಸಾರ್. ಶೀತ ಆಗಿದೆ, ವಾಸಿ ಆದ್ಮೇಲೆ ಕರ್ಕೊಂಡು ಬಾ ಅಂದ್ರು ಸಿಸ್ಟರು." ಮಗುವಿನ ಮೂಗು ಸ್ವಲ್ಪ ಸೋರುತ್ತಿರುತ್ತದೆ ಅಷ್ಟೇ. ಹಾಲು ಕುಡಿದಿದೆ, ನಗುತ್ತಿದೆ, ನನ್ನ ಜೇಬಿನ ಪೆನ್ನಿಗೆ ಕೈ ಹಾಕುತ್ತಿದೆ.

ನಾನು ಮಂಡ್ಯದಲ್ಲಿ ಮಕ್ಕಳ ವೈದ್ಯ. ನರ್ಸಿಂಗ್ ಓದುವವರಿಗೆ ಪಾಠವನ್ನೂ ಮಾಡುತ್ತೇನೆ. ಯಾವ ವಾರಕ್ಕೆ ಯಾವ ಲಸಿಕೆ, ಯಾವ ತೊಡೆಗೆ, ಎಷ್ಟು ಹನಿ ಅಂತ ಕೇಳಿದರೆ ನಮ್ಮ ಸಿಸ್ಟರ್‌ಗಳು ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಎಡವುವುದು ಈ ಶೀತದ ವಿಷಯದಲ್ಲಿ.

ಆದ್ದರಿಂದ ಬಿಡಿಸಿ ಹೇಳುತ್ತೇನೆ. ನೆಗಡಿ, ಸಣ್ಣ ಕೆಮ್ಮು, ಮೈ ಸ್ವಲ್ಪ ಬೆಚ್ಚಗಿರುವುದು, ಒಂದೆರಡು ಸಲ ಭೇದಿ, ಇವು ಯಾವುವೂ ಲಸಿಕೆ ನಿಲ್ಲಿಸಲು ಕಾರಣವಲ್ಲ. ಆಂಟಿಬಯೋಟಿಕ್ ಕುಡಿಯುತ್ತಿದ್ದರೂ ಹಾಕಬಹುದು. ಮಗು ಸೊರಗಿದ್ದರೆ ಅದಕ್ಕೆ ಲಸಿಕೆ ಇನ್ನೂ ಜಾಸ್ತಿ ಬೇಕು. "ಶೀತದ ಜೊತೆ ಇಂಜೆಕ್ಷನ್ನೂ ಕೊಟ್ಟರೆ ಮೈ ತಡೆಯುತ್ತಾ?" ಅಂತ ಕೇಳುತ್ತಾರೆ. ತಡೆಯುತ್ತದೆ. ಅಂಬೆಗಾಲಿಟ್ಟು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ಮಗು ದಿನವೂ ಎಷ್ಟೋ ರೋಗಾಣುಗಳನ್ನು ಎದುರಿಸುತ್ತದೆ. ಅದರ ಮುಂದೆ ಲಸಿಕೆಯ ಭಾರ ತೀರಾ ಕಡಿಮೆ. ಶೀತ ಇದ್ದಾಗ ಹಾಕಿದರೂ ಲಸಿಕೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಪುಟ್ಟ ಮಕ್ಕಳಿಗೆ ವರ್ಷಕ್ಕೆ 6-8 ಸಲ ನೆಗಡಿ ಬರುವುದು ಮಾಮೂಲು. ಮೂಗು ಪೂರ್ತಿ ಒಣಗಲಿ ಅಂತ ಕಾದರೆ ಲಸಿಕೆ ಹಾಕುವುದು ಯಾವಾಗ?

ತರಗತಿಯಲ್ಲಿ ಒಮ್ಮೆ ಇದನ್ನೇ ಕೇಳಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಗೊತ್ತು ಸರ್. ಆದ್ರೆ ರಾತ್ರಿ ಜ್ವರ ಜಾಸ್ತಿ ಆದ್ರೆ ಊರವರು ನಮ್ಮನ್ನೇ ಬೈತಾರೆ." ಆ ಭಯ ನಿಜ. ಹಳ್ಳಿಯಲ್ಲಿ ಒಬ್ಬರೇ ಕೆಲಸ ಮಾಡುವ ಸಿಸ್ಟರ್ ಪರ ನಿಲ್ಲುವವರು ಎಷ್ಟು ಜನ ಇದ್ದಾರೆ? ಅದಕ್ಕೇ ಮೊದಲೇ ತಾಯಿಗೆ ಹೇಳಿಬಿಡಿ. ಐದು ರೋಗಗಳಿಗೆ ಒಟ್ಟಿಗೆ ಕೊಡುವ ಪೆಂಟಾ ಲಸಿಕೆ ಹಾಕಿದರೆ ಆ ರಾತ್ರಿ ಅಥವಾ ಮಾರನೇ ದಿನ ಜ್ವರ ಬರಬಹುದು. ದಡಾರ-ರುಬೆಲ್ಲಾ ಲಸಿಕೆಯ ಜ್ವರ ಬರುವುದಾದರೆ ಒಂದು ವಾರ ಕಳೆದ ಮೇಲೆ ಬರುತ್ತದೆ. ಮೊದಲೇ ಕೇಳಿಸಿಕೊಂಡ ತಾಯಿ ಗಾಬರಿಯಾಗುವುದು ಕಡಿಮೆ.

"ಮುಂದಿನ ವಾರ ಬಾ" ಅನ್ನುವುದು ಸುಲಭ. ಆದರೆ ಮುಂದಿನ ವಾರ ಕಬ್ಬು ಕಡಿಯುವ ಕೆಲಸ ಇರುತ್ತದೆ. ಇಲ್ಲವೇ ಬಾಣಂತನ ಮುಗಿಸಿ ತವರಿಂದ ಗಂಡನ ಮನೆಗೆ ಹೊರಟಿರುತ್ತಾಳೆ, ಲಸಿಕೆಯ ವಿವರ ಬರೆದಿಡುವ 'ತಾಯಿ ಕಾರ್ಡ್' ಇಲ್ಲೇ ಉಳಿದಿರುತ್ತದೆ. ಒಂದು ಹೆಣ್ಣುಮಗು ನನಗೆ ಇವತ್ತಿಗೂ ಮರೆತಿಲ್ಲ. 9 ತಿಂಗಳಿಗೆ ದಡಾರದ ಲಸಿಕೆಗೆ ಕರೆದುಕೊಂಡು ಹೋಗಿದ್ದರು. ನೆಗಡಿ ಅಂತ ವಾಪಸ್ ಕಳಿಸಿದರು. ಮತ್ತೆ ಹೋಗಲು ಆಗಲಿಲ್ಲ. 13ನೇ ತಿಂಗಳಲ್ಲಿ ಮೈತುಂಬ ದಡಾರ ಎದ್ದು, ನ್ಯುಮೋನಿಯಾ ಆಗಿ ನನ್ನ ಹತ್ತಿರ ಬಂತು. ಬದುಕಿತು. ಆ ನಾಲ್ಕು ರಾತ್ರಿ ಅದರ ಅಜ್ಜಿ ಕೂತಲ್ಲಿಂದ ಏಳಲಿಲ್ಲ.

ಹಾಕಬಾರದ ಸಂದರ್ಭಗಳೂ ಇವೆ. ಮಗು ಹಾಲು ಕುಡಿಯುತ್ತಿಲ್ಲ, ಮಂಕಾಗಿ ಬಿದ್ದಿದೆ, ಏದುಸಿರು ಬಿಡುತ್ತಿದೆ ಅಂದರೆ ಮೊದಲು ವೈದ್ಯರಿಗೆ ತೋರಿಸಿ. ಹಿಂದಿನ ಡೋಸ್‌ಗೆ ತೀವ್ರ ಅಲರ್ಜಿ ಆಗಿದ್ದರೆ ಅದೇ ಲಸಿಕೆ ಮತ್ತೆ ಬೇಡ. ರೋಗನಿರೋಧಕ ಶಕ್ತಿಯ ತೊಂದರೆ ಇರುವ ಮಗುವಿಗೆ ಏನು ಮಾಡಬೇಕು ಅನ್ನುವುದನ್ನು ಮಗುವನ್ನು ನೋಡಿಯೇ ತೀರ್ಮಾನಿಸಬೇಕು. ಅದು ಬರೆದು ಹೇಳುವ ಮಾತಲ್ಲ.

ಕಳಿಸಲೇಬೇಕಾಗಿ ಬಂದರೆ ಬಾಯಿಮಾತಲ್ಲಿ ಬಿಡಬೇಡಿ. ಯಾಕೆ ಹಾಕಲಿಲ್ಲ, ಮತ್ತೆ ಯಾವತ್ತು ಬರಬೇಕು ಅಂತ ಕಾರ್ಡಿನಲ್ಲಿ ಬರೆಯಿರಿ. ಆ ಊರಿನ ಆಶಾ ಕಾರ್ಯಕರ್ತೆಗೆ ಅವತ್ತೇ ಫೋನ್ ಮಾಡಿ. ತಡವಾಗಿ ಬಂದ ಮಗುವಿಗೆ ಮೊದಲಿನಿಂದ ಶುರು ಮಾಡುವುದು ಬೇಡ, ನಿಂತಲ್ಲಿಂದ ಮುಂದುವರಿಸಿ. ತಡವಾಗಿದ್ದಕ್ಕೆ ತಾಯಿಯನ್ನು ಬೈಯಬೇಡಿ. ಬೈಸಿಕೊಂಡವಳು ಮುಂದಿನ ಡೋಸ್‌ಗೆ ಬರುವುದಿಲ್ಲ.