ಮಕ್ಕಳಾಗದವರ ಡಾಕ್ಟರ್ ಆಗಲು ಎಷ್ಟು ವರ್ಷ? ಹುಡುಗರಿಗೆ ಯಾಕೆ ಆ ಓದು?

ವಿರಾಜಪೇಟೆ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಮೇಡಂ, ಮಗ ಎಂಬಿಬಿಎಸ್ ಎರಡನೇ ವರ್ಷ. ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುವ ಡಾಕ್ಟರ್ ಆಗ್ತೀನಿ ಅಂತಾನೆ. ಎಷ್ಟು ವರ್ಷ ಓದಬೇಕು? ಅಲ್ಲದೆ ಅದು ಹೆಂಗಸರ ಸಮಸ್ಯೆ ಅಲ್ವಾ, ಗಂಡು ಹುಡುಗನಿಗೆ ಯಾಕೆ?"

ಮೊದಲನೆಯದಕ್ಕೆ ಉತ್ತರ ಬೇಗ ಮುಗಿಯುತ್ತದೆ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಆಮೇಲೆ ಪ್ರಸೂತಿ ಮತ್ತು ಸ್ತ್ರೀರೋಗದಲ್ಲಿ 3 ವರ್ಷದ ಎಂಎಸ್ ಅಥವಾ ಡಿಎನ್‌ಬಿ. ಅದಾದ ಮೇಲೆ ರಿಪ್ರೊಡಕ್ಟಿವ್ ಮೆಡಿಸಿನ್‌ನಲ್ಲಿ, ಅಂದರೆ ಮಕ್ಕಳಾಗದವರ ಚಿಕಿತ್ಸೆಯಲ್ಲಿ, 3 ವರ್ಷದ ಸೂಪರ್ ಸ್ಪೆಷಾಲಿಟಿ, ಇಲ್ಲವೇ 2 ವರ್ಷದ ಎಫ್‌ಎನ್‌ಬಿ ಫೆಲೋಶಿಪ್. ಪ್ರತಿ ಸಲ ಸೀಟು ಒಂದೇ ಏಟಿಗೆ ಸಿಕ್ಕರೂ ಹತ್ತೂವರೆಯಿಂದ ಹನ್ನೊಂದೂವರೆ ವರ್ಷ. ಎಂಬಿಬಿಎಸ್ ಮಡಿಕೇರಿಯಲ್ಲೇ ಓದಬಹುದು, ಕೊನೆಯ ಹಂತಕ್ಕೆ ಜಿಲ್ಲೆ ಬಿಡಬೇಕು. 2021ರ ಎಆರ್‌ಟಿ ಕಾಯ್ದೆ ಬಂದ ಮೇಲೆ ಐವಿಎಫ್ (ದೇಹದ ಹೊರಗೆ, ಲ್ಯಾಬಿನಲ್ಲಿ ಅಂಡಾಣು ಮತ್ತು ವೀರ್ಯಾಣು ಸೇರಿಸುವ ಚಿಕಿತ್ಸೆ) ಕೇಂದ್ರಗಳಿಗೆ ನೋಂದಣಿ ಕಡ್ಡಾಯ, ಅಲ್ಲಿ ಯಾರು ಕೆಲಸ ಮಾಡಬಹುದು ಎಂಬುದಕ್ಕೂ ನಿಯಮ ಇದೆ. ಹಾಗಾಗಿ ಎರಡು ವಾರದ ಸರ್ಟಿಫಿಕೇಟ್ ಕೋರ್ಸ್ ನಂಬಿ ದುಡ್ಡು ಕಟ್ಟಬೇಡಿ.

ಇನ್ನು ಎರಡನೆಯದು. ಇದನ್ನು ಕ್ಲಾಸಿನಲ್ಲಿ, ಒಪಿಡಿಯಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ ಕೂಡ ಹೇಳಿ ಹೇಳಿ ಬಾಯಿ ಒಣಗಿದೆ. ಆದರೂ ಇನ್ನೊಂದು ಸಲ ಹೇಳುತ್ತೇನೆ.

ನಮ್ಮ ಮಾತಿನಲ್ಲೇ ತೊಂದರೆ ಇದೆ. ಬಂಜೆ ಅನ್ನುವ ಪದ ಹೆಣ್ಣಿಗೆ ಮಾತ್ರ. ಗಂಡಿಗೆ ಅದರ ಜೋಡಿ ಪದ ಇಲ್ಲ. ಷಂಡ ಅಂತಾರೆ, ಆದರೆ ಅದು ಬೇರೆ ವಿಷಯ, ಅದು ಸಂಭೋಗಕ್ಕೆ ಆಗದವನಿಗೆ ಹಾಕಿದ ಬೈಗುಳ. ಹಾಗಾಗಿ ಜನರ ತಲೆಯಲ್ಲಿ ಲೆಕ್ಕ ಸುಲಭ: ಸಂಸಾರ ಸರಿ ನಡೀತಿದೆ, ಆಳು ಗಟ್ಟಿಮುಟ್ಟಾಗಿದ್ದಾನೆ, ಅಂದಮೇಲೆ ತಪ್ಪು ಅವಳದ್ದೇ.

ಒಪಿಡಿಗೆ ಸೊಸೆಯನ್ನು ಅತ್ತೆ ಕರೆದುಕೊಂಡು ಬರುತ್ತಾರೆ. ಫೈಲು ಇಷ್ಟು ದಪ್ಪ. ಮೂರು ಸಲ ಸ್ಕ್ಯಾನ್, ಟ್ಯೂಬಿಗೆ ಡೈ ಹಾಕಿ ತೆಗೆದ ಎಕ್ಸ್‌ರೇ, ಥೈರಾಯ್ಡ್, ಅಂಡಾಣು ಬಿಡುಗಡೆಗೆ ಆರು ತಿಂಗಳ ಮಾತ್ರೆ. ಗಂಡನ ರಿಪೋರ್ಟ್ ಎಲ್ಲಿ ಅಂದರೆ, "ಅವನಿಗೇನೂ ಇಲ್ಲ ಮೇಡಂ, ಚೆನ್ನಾಗಿದ್ದಾನೆ." ಯಾರು ಪರೀಕ್ಷೆ ಮಾಡಿದ್ರು? "ನೋಡಿದ್ರೇ ಗೊತ್ತಾಗಲ್ವಾ!" ಆ ಮನುಷ್ಯ ಹೊರಗೆ ಜೀಪಿನಲ್ಲಿ ಕೂತಿರುತ್ತಾನೆ.

ನೋಡಿದರೆ ಗೊತ್ತಾಗುವುದಿಲ್ಲ. ಅವನಿಗೇ ಗೊತ್ತಾಗುವುದಿಲ್ಲ. ವೃಷಣದಲ್ಲಿ ಎರಡು ಬೇರೆ ಬೇರೆ ಕೆಲಸ ನಡೆಯುತ್ತವೆ. ಒಂದು ಬಗೆಯ ಜೀವಕೋಶ ಟೆಸ್ಟೋಸ್ಟೆರಾನ್ ತಯಾರಿಸುತ್ತದೆ. ಗಡ್ಡ, ಗಡಸು ದನಿ, ಆಸೆ ಎಲ್ಲ ಅದರದ್ದು. ವೀರ್ಯಾಣು ತಯಾರಾಗುವುದು ಬೇರೆ ಜಾಗದಲ್ಲಿ, ಸಣ್ಣ ನಾಳಗಳ ಒಳಗೆ. ಮೊದಲನೆಯದು ಸರಿಯಿದ್ದು ಎರಡನೆಯದು ನಿಂತೇ ಹೋಗಿರಬಹುದು. ವೀರ್ಯದಲ್ಲಿ ವೀರ್ಯಾಣುಗಳ ಪಾಲು ತೀರಾ ಚೂರು, ಉಳಿದದ್ದು ಬೇರೆ ಗ್ರಂಥಿಗಳಿಂದ ಬರುವ ದ್ರವ. ಸಂತಾನಹರಣ ಆಪರೇಷನ್ ಮಾಡಿಸಿಕೊಂಡ ಗಂಡಸಿಗೂ ವೀರ್ಯ ಮೊದಲಿನ ಹಾಗೇ ಕಾಣುತ್ತದೆ, ಅದರಲ್ಲಿ ವೀರ್ಯಾಣು ಮಾತ್ರ ಇರುವುದಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ಮಕ್ಕಳಾಗದ ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ. ಕೆಲವೊಮ್ಮೆ ಅದೊಂದೇ.

ಇನ್ನೊಂದು ಇದೆ, ಇದು ಜಿಮ್‌ಗೆ ಹೋಗುವ ಹುಡುಗರಿಗೆ. ಮೈ ಕಟ್ಟಲು ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಂಡರೆ ಮಿದುಳು 'ಹಾರ್ಮೋನ್ ಸಾಕಷ್ಟಿದೆ' ಅಂದುಕೊಂಡು ವೃಷಣಕ್ಕೆ ಕೆಲಸ ಹೇಳುವ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಹಾರ್ಮೋನ್‌ಗಳನ್ನು ಕಳಿಸುವುದನ್ನು ತಗ್ಗಿಸುತ್ತದೆ. ವೃಷಣಕ್ಕೆ ಅಪ್ಪಣೆ ಬರುವುದಿಲ್ಲ, ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ, ಕೆಲವರಲ್ಲಿ ಪೂರ್ತಿ ಸೊನ್ನೆ. ಗಂಡಸ್ತನ ಜಾಸ್ತಿಯಾಗಲಿ ಅಂತ ತಗೊಂಡ ಇಂಜೆಕ್ಷನ್ನೇ ಮಗುವಿಗೆ ಅಡ್ಡ ಬರುತ್ತದೆ. ನಿಮ್ಮ ಮಗ ಇದನ್ನು ಮೊದಲ ವರ್ಷದ ಫಿಸಿಯಾಲಜಿಯಲ್ಲೇ ಓದಿದ್ದಾನೆ, ಕೇಳಿ ನೋಡಿ.

ಗಂಡಸಿನ ವೀರ್ಯ ಪರೀಕ್ಷೆ ಕಷ್ಟವೇನಲ್ಲ. ಸೂಜಿ ಇಲ್ಲ, ನೋವಿಲ್ಲ. 2ರಿಂದ 7 ದಿನ ವೀರ್ಯ ಹೊರಹೋಗದ ಹಾಗೆ ಬಿಡುವು, ಆಮೇಲೆ ಮಾದರಿ ಒಂದು ಗಂಟೆಯೊಳಗೆ ಲ್ಯಾಬಿಗೆ ಬರಬೇಕು. ನಮ್ಮ ಊರಿನ ಆಷಾಢದ ಚಳಿಯಲ್ಲಿ ಡಬ್ಬಿಯನ್ನು ಬೈಕಿನ ಬಾಕ್ಸಿನಲ್ಲಿ ಹಾಕಿಕೊಂಡು ಬರಬೇಡಿ. ಅಂಗಿಯ ಒಳಜೇಬಿನಲ್ಲಿ, ಮೈಗೆ ತಾಗಿ ಇರಲಿ. ತಣ್ಣಗಾದರೆ ವೀರ್ಯಾಣುಗಳ ಚಲನೆ ಕುಗ್ಗುತ್ತದೆ, ಸುಮ್ನೆ ಮತ್ತೊಂದು ಸಲ ಓಡಾಟ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಮಿತಿ ಒಂದು ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣು, ಅದರಲ್ಲಿ ಶೇ 42 ಚಲಿಸುತ್ತಿರಬೇಕು. ಅದಕ್ಕಿಂತ ಕಡಿಮೆ ಬಂದರೆ ಎಲ್ಲ ಮುಗಿಯಿತು ಅಂತಲ್ಲ. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುತ್ತದೆ, ಹಾಗಾಗಿ ಮಳೆಗಾಲದಲ್ಲಿ ಬಂದ ಜೋರು ಜ್ವರದ ಪರಿಣಾಮ ಕಾವೇರಿ ಸಂಕ್ರಮಣದ ಹೊತ್ತಿಗೆ ಮಾಡಿಸಿದ ರಿಪೋರ್ಟಿನಲ್ಲಿ ಕಾಣಬಹುದು. ಅದಕ್ಕೇ ಮೂರು ತಿಂಗಳು ಬಿಟ್ಟು ಮತ್ತೆ ನೋಡುತ್ತೇವೆ.

ಹೀಗಾಗಿ ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನದ ಪಾಠ ಒಂದೇ: ಇಬ್ಬರನ್ನೂ ಒಳಗೆ ಕರೆದು ಕೂರಿಸಿ. ಕಳೆದ ಸಲ ಒಬ್ಬ ಹುಡುಗ ಹೊರಗೆ ಹೋಗಿ ಜೀಪಿನ ಕಿಟಕಿ ತಟ್ಟಿ, "ಅಣ್ಣಾ, ಬನ್ನಿ, ನಿಮ್ಮ ಹತ್ರಾನೂ ಎರಡು ಮಾತು ಕೇಳಬೇಕು" ಅಂದ. ಆ ಗಂಡ ಬಂದ. ನಾನು ಎರಡು ಸಲ ಹೇಳಿ ಕಳಿಸಿದಾಗ ಬಂದಿರಲಿಲ್ಲ. ಗಂಡು ಹುಡುಗರು ಈ ಓದಿಗೆ ಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಮೆಡಿಕಲ್ ಸೀಟು ಸಿಗದವರಿಗೂ ಇಲ್ಲಿ ದೊಡ್ಡ ಕೆಲಸ ಇದೆ. 1978ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಐವಿಎಫ್ ಮಗು ಹುಟ್ಟಿತಲ್ಲ, ಅದರ ಹಿಂದೆ ಇದ್ದ ಮೂವರಲ್ಲಿ ಪ್ಯಾಟ್ರಿಕ್ ಸ್ಟೆಪ್ಟೋ ಒಬ್ಬರೇ ಡಾಕ್ಟರ್. ರಾಬರ್ಟ್ ಎಡ್ವರ್ಡ್ಸ್ ವಿಜ್ಞಾನಿ, ಅವರಿಗೆ 2010ರಲ್ಲಿ ನೊಬೆಲ್ ಬಂತು. ಜೀನ್ ಪರ್ಡಿ ಓದಿದ್ದು ನರ್ಸಿಂಗ್, ಲ್ಯಾಬಿನಲ್ಲಿ ಭ್ರೂಣ ನೋಡಿಕೊಂಡವರು ಅವರು. 1978ರ ಅಕ್ಟೋಬರಿನಲ್ಲೇ ಕೋಲ್ಕತ್ತದಲ್ಲಿ ನಮ್ಮ ದೇಶದ ಮೊದಲ ಐವಿಎಫ್ ಮಗು ಹುಟ್ಟಿತು, ಡಾ. ಸುಭಾಷ್ ಮುಖೋಪಾಧ್ಯಾಯರ ಕೆಲಸ. ಇವತ್ತು ಒಂದೇ ವೀರ್ಯಾಣುವನ್ನು ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯಲ್ಲಿ ಹಿಡಿದು ಅಂಡಾಣುವಿನ ಒಳಗೆ ಬಿಡುವವರು ಎಂಬ್ರಿಯಾಲಜಿಸ್ಟ್‌ಗಳು, ಅಂದರೆ ಲ್ಯಾಬಿನಲ್ಲಿ ಭ್ರೂಣ ನೋಡಿಕೊಳ್ಳುವ ತಜ್ಞರು. ಬಿಎಸ್ಸಿ ಮುಗಿಸಿದವರಿಗೆ ಮಣಿಪಾಲದಲ್ಲಿ ಕ್ಲಿನಿಕಲ್ ಎಂಬ್ರಿಯಾಲಜಿಯ ಎಂಎಸ್ಸಿ ಇದೆ. ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಜೀವಶಾಸ್ತ್ರ ಓದುತ್ತಾ ನೀಟ್ ಹೋಯಿತಲ್ಲ ಅಂತ ಕೂತಿರುವ ಮಕ್ಕಳಿಗೆ ಯಾರಾದರೂ ಇದನ್ನು ಹೇಳಿ.